ಅಂಬಲಿ ಕುಡಿದ ಬಾಯ್ಲರ್

ರತ್ನಳನ್ನು ನಾನು ಮೊದಲು ನೋಡಿದ್ದು ಬೂದಿಕೋಟೆಯಲ್ಲಿ, ಅವಳ ತಂದೆಯ ಮನೆಯ ಪಡಸಾಲೆಯಲ್ಲಿ. ನಮಗಾಗಿ ಹೊಸ ಈಚಲು ಚಾಪೆ ಹಾಸಿದ್ದರು. ನನ್ನ ಬಲಕ್ಕೆ ನಮ್ಮಮ್ಮ ಚಿಕ್ಕವೆಂಕಟಮ್ಮ, ಎದುರಿಗೆ ಗೋಡೆ ಗಡಿಯಾರ. ಗಡಿಯಾರ ನಿಂತಿತ್ತು, ನನ್ನ ಎದೆ ಓಡುತ್ತಿತ್ತು. ಒಳಗಿಂದ ಹುಡುಗಿ ಬಂದಳು. ಹಸಿರು ಸೀರೆ, ಬಲಗೈಯಲ್ಲಿ ಕಾಫಿ ಲೋಟಗಳ ತಟ್ಟೆ, ಮೂಗಿನ ತುದಿಯಲ್ಲಿ ಚಿಟಿಕೆ ಮಸಿ. ಎಡಗೈಯಲ್ಲಿ, ಗಡಿಬಿಡಿಯಲ್ಲಿ ಕೆಳಗಿಡಲು ಮರೆತ ಊದುಗೊಳವೆ! ಕಣ್ಣೆರಡೂ ಕೆಂಡ.

ನಮ್ಮ ವಂಶದಲ್ಲಿ ಹೆಸರಿನ ಮುಂದೆ ಬಿ.ಎ. ಅಂಟಿಸಿಕೊಂಡ ಮೊದಲ ಪ್ರಾಣಿ ನಾನು. ವಿದ್ಯಾವಂತನಾದವನು ಸುಮ್ಮನೆ ಕಾಫಿ ಕುಡಿಯಬಹುದೆ?

"ಅಳ್ತಾ ಇದೀರಾ? ಈ ಸಂಬಂಧ ಇಷ್ಟ ಇಲ್ವಾ?" ಎಂದು ಕೇಳಿಯೇಬಿಟ್ಟೆ.

ಹುಡುಗಿ ತಲೆ ಎತ್ತದೆಯೇ ಹೇಳಿದಳು: "ಸೌದೆ ಅಸಿ. ಊದಿ ಊದಿ ಕಣ್ಣು ಇಂಗಾಗ್ಯದೆ. ಕಾಪಿ ಆರೋಗ್ತದೆ, ತಕ್ಕೊಳ್ಳಿ."

ನಾನು ಎದ್ದು ನಿಂತೆ. "ನಮ್ಮ ಮನೆಗೆ ಬಂದ ಮೇಲೆ ನೀವು ಈ ಕೊಳವೆ ಮುಟ್ಟೋ ಹಾಗಿಲ್ಲ! ಇದು ಪದವೀಧರನ ಮಾತು!"

ನಮ್ಮಮ್ಮ ನನ್ನ ಪಂಚೆ ಹಿಡಿದೆಳೆದು ಕೂರಿಸಿದಳು. ಹುಡುಗಿಯ ತುಟಿ ಸ್ವಲ್ಪ ಅಲುಗಿತು. ನಕ್ಕಳೋ, ಕೆಮ್ಮಿದಳೋ, ಇವತ್ತಿಗೂ ಹೇಳಿಲ್ಲ.

ಮದುವೆಯಾಯಿತು. ನಾನು, ರತ್ನ, ಅಮ್ಮ ಮೂವರಿಗೆ ಬಂಗಾರಪೇಟೆಯಲ್ಲಿ ಬಾಡಿಗೆ ಮನೆ, ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿ ಆಫೀಸಿನಲ್ಲಿ ಗುಮಾಸ್ತೆ ಕೆಲಸ, ದಿನಾ ರೈಲಿನಲ್ಲಿ ಓಡಾಟ. ಎರಡು ದೀಪಾವಳಿ ಕಳೆದರೂ ಕೊಳವೆ ರತ್ನಳ ಕೈಯಲ್ಲೇ ಇತ್ತು. ಅಡುಗೆಗೇನೋ ಸೀಮೆಎಣ್ಣೆ ಸ್ಟವ್ ತಂದಿದ್ದೆ. ಬಚ್ಚಲೊಲೆಯದೇ ಕಾಟ. ನಸುಕಿನಲ್ಲೇ ನನ್ನ ಸ್ನಾನದ ನೀರಿಗೆಂದು ಅವಳು ಹಸಿ ಜಾಲಿ ಸೌದೆಯ ಮುಂದೆ ಕೂರಬೇಕು. ಕೊನೆಗೆ ಒಂದು ದಿನ ಅವಳ ಕಣ್ಣು ಬಾತು ತೆರೆಯಲಾರದಾಯಿತು. ಆಸ್ಪತ್ರೆಯ ಡಾಕ್ಟರು, "ಇನ್ನು ಹೊಗೆ ಹತ್ರ ಸುಳೀಬೇಡಮ್ಮ. ನೋಟಕ್ಕೇ ಸಂಚಕಾರ" ಎಂದುಬಿಟ್ಟರು.

ಅಂದೇ ಶಪಥ ಮಾಡಿದೆ. ಅಗ್ನಿದೇವನನ್ನು ನಮ್ಮ ಬಚ್ಚಲಿನಿಂದ ಗಡೀಪಾರು ಮಾಡಿ, ವಿದ್ಯುದ್ದೇವಿಗೆ ಪಟ್ಟ ಕಟ್ಟುತ್ತೇನೆ!

ಸ್ಟೇಷನ್ ರಸ್ತೆಯ ಕುಪ್ಪುಸ್ವಾಮಿಯ ಅಂಗಡಿಯಿಂದ ಕರೆಂಟ್ ಬಾಯ್ಲರ್ ಬಂತು. ತಗಡಿನ ದೊಡ್ಡ ಡಬ್ಬಿ. ಮೇಲಿನ ಮುಚ್ಚಳ ತೆಗೆದು ಕೊಡದಿಂದ ನೀರು ಸುರಿಯುವುದು, ಸ್ವಿಚ್ ಒತ್ತುವುದು, ಕೆಳಗಿನ ನಲ್ಲಿ ತಿರುಗಿಸಿ ಬಿಸಿನೀರು ಹಿಡಿಯುವುದು.

"ಒಂದು ವರ್ಷ ಗ್ಯಾರಂಟಿ ಸಾರ್! ಕೆಟ್ರೆ ಹೊಸಾದೇ ಕೊಡ್ತಾರೆ. ಕವಲೆ, ಚಿಂತೆ, ಒಂದೂ ಬೇಡ!" ಎಂದ ಕುಪ್ಪುಸ್ವಾಮಿ, ತಮಿಳು ಬೆರೆಸಿ.

ರತ್ನ ಬಾಯ್ಲರಿನ ಸುತ್ತ ಒಂದು ಸುತ್ತು ಬಂದಳು. "ಗ್ಯಾರಂಟಿ ಅಂದ್ರೇನ್ರೀ?"

"ಕಂಪನಿ ಕೊಟ್ಟ ಮಾತು."

"ನೀವು ಬೂದಿಕೋಟೇಲಿ ಕೊಟ್ರಲ್ಲ, ಅಂಥಾದ್ದಾ?"

ನಾನು ಕೊಡದ ನೀರು ಸುರಿದು ಸ್ವಿಚ್ ಒತ್ತಿದೆ. ನೀರು ಕಾಯಿತು! ಪಕ್ಕದ ಮನೆಯ ಪಾಪಕ್ಕ ಬಂದು ನಲ್ಲಿಗೆ ಬೆರಳೊಡ್ಡಿ, "ಅಯ್ಯೋ ಶಿವನೇ!" ಎಂದು ಹಾರಿದಳು. ರತ್ನ ಊದುಗೊಳವೆಯನ್ನು ತೊಳೆದು, ಒರೆಸಿ, ಅಟ್ಟದ ಮೇಲಿಟ್ಟಳು. ಅಂದು ನಾನು ಚಕ್ರವರ್ತಿ!

ಸಾಮ್ರಾಜ್ಯ ವಾರ ತುಂಬುವುದರೊಳಗೆ ಸೋರತೊಡಗಿತು. ತಳದ ಬೆಸುಗೆಯಿಂದ ಮೊದಲು ಹನಿ, ಆಮೇಲೆ ದಾರ, ಆಮೇಲೆ ಧಾರೆ. ನೀರು ಕಾಯುವ ಮೊದಲೇ ಡಬ್ಬಿ ಖಾಲಿ!

ಕುಪ್ಪುಸ್ವಾಮಿಯ ಅಂಗಡಿಗೆ ಓಡಿದೆ.

"ಗ್ಯಾರಂಟಿ ಇದೆಯಲ್ಲ ಸಾರ್! ಮದ್ರಾಸಿಂದ ಕಂಪನಿಯವರು ಬರ್ತಾರೆ. ಅವರು ಸೋರೋದನ್ನ ಕಣ್ಣಾರೆ ನೋಡಬೇಕು. ಅಲ್ಲೀ ತನಕ ಯಾರೂ ಕೈ ಹಾಕ್ಬಾರ್ದು, ಆಮಾ!"

ಅಂದಿನಿಂದ ದಿನಾ ಸಂಜೆ ರೈಲಿಳಿದವನೇ ಅಂಗಡಿಯ ಮುಂದೆ ಹಾಜರ್. "ಬಂದ್ರಾ?" "ನಾಳೆ ಸಾರ್." "ಬಂದ್ರಾ?" "ಬರೋ ವಾರ ಸಾರ್." ಅಟ್ಟದ ಮೇಲಿನ ಕೊಳವೆ ಮತ್ತೆ ಕೆಳಗಿಳಿಯಿತು. ನಾನು ತಣ್ಣೀರು ಮೀಯುತ್ತೇನೆಂದರೆ ರತ್ನ ಬಿಡಲಿಲ್ಲ. "ನಿಮಗೆ ನೆಗಡಿ ಆದ್ರೆ ಕಷಾಯಕ್ಕೂ ನಾನೇ ಒಲೆ ಊದಬೇಕು" ಎಂದಳು. ಅವಳ ಕಣ್ಣು ಮತ್ತೆ ಬಾತಿತು.

ಬಚ್ಚಲ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಾಗ ನಮ್ಮಮ್ಮ ಬಂದಳು.

"ಲೇ ಆಂಜಿನಾ, ಒಸ ಮಡಕೆ ಸೋರ್ದೆ ಇರ್ತದೇನ್ಲಾ? ಅದ್ರಲ್ಲಿ ಒಂದ್ಸಲ ರಾಗಿ ಅಂಬ್ಲಿ ಕಾಯ್ಸು. ತಂತಾನೆ ಮುಚ್ಕೊಂತದೆ."

"ಅಮ್ಮಾ, ಇದು ಮಡಕೆ ಅಲ್ಲ. ಯಂತ್ರ!"

"ಏನಾದ್ರೂ ಇರ್ಲಿ ಕಣ್ಲಾ. ಸೋರೋದು ಸೋರೋದೇ ತಾನೆ?"

ನಮ್ಮೂರಲ್ಲಿ ಹೊಸ ಮಡಕೆಗೆಲ್ಲ ಹೀಗೆಯೇ ಅಂಬಲಿ ಕಾಯಿಸಿ ಪಳಗಿಸುತ್ತಾರೆ. ಹುಟ್ಟಿದಾಗಿನಿಂದ ಕಂಡದ್ದು. ನಾನು ಯೋಚಿಸಿದೆ. ಅಂಬಲಿಯ ಅಂಟು ಬಿರುಕಿಗೆ ಇಳಿಯುತ್ತದೆ, ಬಿಸಿಗೆ ಒಣಗುತ್ತದೆ, ತೂತು ಮುಚ್ಚುತ್ತದೆ. ಆಹಾ, ಇದು ವಿಜ್ಞಾನವಲ್ಲದೆ ಮತ್ತೇನು!

"ಬೇಡ್ರೀ, ಕಂಪ್ನಿಯೋರು ಬರೋಗಂಟ ಕಾಯೋಣ" ಎಂದಳು ರತ್ನ, ಕೆಂಪು ಕಣ್ಣು ಸೆರಗಿನಲ್ಲಿ ಒತ್ತಿಕೊಳ್ಳುತ್ತಾ.

ಆ ಕಣ್ಣು ನೋಡಿದ ಮೇಲೆ ನನಗೆ ಕಾಯಲಾಗಲಿಲ್ಲ.

ಭಾನುವಾರ ಮಧ್ಯಾಹ್ನ ಅಮ್ಮ ರಾಗಿ ಹಿಟ್ಟು ಕದಡಿ ಕೊಟ್ಟಳು. ನಾನು ಸುರಿದು ಸ್ವಿಚ್ ಒತ್ತಿದೆ. ಬಾಯ್ಲರ್ ಗುಡುಗಿತು, ಗೊರಕೆ ಹೊಡೆಯಿತು, ತೇಗಿತು. ಮನೆಯೆಲ್ಲ ಗಮ್ಮೆಂದಿತು. ಸಂಜೆ ಅಂಬಲಿ ಬಸಿದು, ನೀರು ತುಂಬಿ ನೋಡಿದರೆ... ಒಂದು ಹನಿಯೂ ಇಲ್ಲ! ನಾನು ಬೀದಿಗೆ ಕೇಳುವಂತೆ ಕೂಗಿದೆ. ಅಮ್ಮ ನನ್ನ ದೃಷ್ಟಿ ತೆಗೆದಳು. ರತ್ನ ಕೂಡ ನಕ್ಕಳು. ಕೊಳವೆ ಮತ್ತೆ ಅಟ್ಟ ಹತ್ತಿತು.

ಸೋಮವಾರ ಬೆಳಿಗ್ಗೆ ಕುಪ್ಪುಸ್ವಾಮಿ ಬಾಗಿಲು ತಟ್ಟಿದ. ಜೊತೆಗೆ ಬೂಟು, ಟೋಪಿ ತೊಟ್ಟ ಕಂಪನಿಯ ಸಾಹೇಬರು. ಹಿಂದೆ ಒಂದು ಜಟಕಾ.

"ಸಾರ್, ಆ ಸಲ ಬಂದ ಬಾಯ್ಲರುಗಳ ಬೆಸುಗೇನೇ ಸರಿಯಿಲ್ಲವಂತೆ. ಸಾಹೇಬರು ಹೊಸಾದೇ ತಂದಿದಾರೆ, ಪಾರುಂಗೋ!"

ನೋಡಿದೆ. ಜಟಕಾದಲ್ಲಿ ಹುಲ್ಲಿನ ಮೇಲೆ ಹೊಚ್ಚ ಹೊಸ ಬಾಯ್ಲರ್, ಬೆಳಗಿನ ಬಿಸಿಲಿಗೆ ಫಳಫಳ!

"ಎಲ್ಲಿ ಸೋರುತ್ತೆ?" ಸಾಹೇಬರು ಬಚ್ಚಲಲ್ಲಿ ಬಗ್ಗಿದರು. ನೆಲ ಒಣಗಿತ್ತು. ತಳ ಸವರಿದರು. ಬೆರಳು ಒಣಗಿತ್ತು.

"ಸೋರುತ್ತೆ ಸಾರ್. ಸ್ವಲ್ಪ ತಾಳಿ. ಜನ ಕಂಡ್ರೆ ನಾಚಿಕೆ ಅದಕ್ಕೆ" ಎಂದೆ. ಬಾಯ್ಲರನ್ನು ಮೊಣಕಾಲಿನಿಂದ ಮೆಲ್ಲಗೆ ಗುದ್ದಿದೆ. ಸೋರು ತಾಯಿ, ಒಂದೇ ಒಂದು ಹನಿ! ಅಷ್ಟು ದಿನ ಗಂಗೆಯಂತೆ ಹರಿದವಳು ಅಂದು ಬಂಡೆಯಂತೆ ನಿಂತಳು.

"ಸರಿಯಾಗೇ ಇದೆಯಲ್ರೀ" ಎಂದರು ಸಾಹೇಬರು.

ಅಷ್ಟರಲ್ಲಿ ನಮ್ಮಮ್ಮ ಒಳಗಿಂದ ಬಂದಳು. ಮಗನ ಪ್ರತಾಪ ದೊಡ್ಡವರ ಮುಂದೆ ಹೇಳದೆ ಬಿಡುವ ತಾಯಿ ಯಾರು?

"ಸರಿ ಇಲ್ದೆ ಏನು ಸ್ವಾಮಿ! ನಮ್ಮ ಆಂಜಿನಪ್ಪಾನೇ ವಾಸಿ ಮಾಡವ್ನೆ. ಅಂಬ್ಲಿ ಕಾಯ್ಸಿದ್ವಿ. ನಿಮ್ಮ ಕಂಪ್ನೀಗೂ ಯೋಳಿ, ಮೊದ್ಲೇ ಅಂಬ್ಲಿ ಕುಡ್ಸಿ ಕಳುಸ್ಲಿ!"

ಸಾಹೇಬರು ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ಇಣುಕಿದರು. ಒಳಗೆ ಗೋಡೆಗೆಲ್ಲ ರಾಗಿಯ ಕೆನೆ ಕಟ್ಟಿತ್ತು.

"ಮಿಸ್ಟರ್, ನಮ್ಮ ಗ್ಯಾರಂಟಿ ನೀರಿಗೆ. ಗಂಜಿಗಲ್ಲ."

"ಆದ್ರೆ ಸಾರ್, ನಿನ್ನೆ ಮಧ್ಯಾಹ್ನದ ತನಕ..."

"ನಿನ್ನೆ ಮಧ್ಯಾಹ್ನದ ತನಕ ಗ್ಯಾರಂಟಿನೂ ಇತ್ತು."

"ಅಯ್ಯಯ್ಯೋ ಸಾರ್, ಒಂದು ದಿನ ತಾಳಬಾರದಿತ್ತಾ!" ಕುಪ್ಪುಸ್ವಾಮಿ ಹಣೆ ಚಚ್ಚಿಕೊಂಡ.

ಜಟಕಾ ತಿರುಗಿತು. ಹೊಸ ಬಾಯ್ಲರ್ ಕುಲುಕುತ್ತಾ ಸ್ಟೇಷನ್ ಕಡೆ ಹೊರಟಿತು. ರತ್ನ ಹೊಸ್ತಿಲಲ್ಲಿ ನಿಂತು, ಅದು ತಿರುವು ದಾಟುವವರೆಗೂ ಕಣ್ಣು ಕಿರಿದು ಮಾಡಿ ನೋಡಿದಳು.

ಅದೇ ಸಂಜೆ ಸ್ವಿಚ್ ಒತ್ತಿದರೆ, ಒಳಗೆ ಅಂಟಿದ್ದ ಅಂಬಲಿ ಸೀದು, ಕಾಯಿಸುವ ಸುರುಳಿ ಕರಕಲಾಗಿ, 'ಟಪ್' ಎಂದು ಮನೆಯ ದೀಪವನ್ನೂ ಆರಿಸಿ ಬಾಯ್ಲರ್ ಪ್ರಾಣ ಬಿಟ್ಟಿತು. ಆಮೇಲೆ ಅಂಬಲಿ ಕರಗಿ ಸೋರತೊಡಗಿತು. ಧಾರಾಕಾರವಾಗಿ! ನೋಡಲು ಸಾಹೇಬರಿರಲಿಲ್ಲ.

ಅಮ್ಮ ಎರಡು ದಿನ ನನ್ನ ಮುಖ ನೋಡಲಿಲ್ಲ. "ನಾನ್ಯಾಕ್ಲಾ ಬಾಯಿ ಬಿಟ್ಟೆ" ಎಂದು ಮೂಲೆಯಲ್ಲಿ ಕೂತಳು. ಅವಳದೇನು ತಪ್ಪು? ಹಿಟ್ಟು ಸುರಿದ ಕೈ ಪದವೀಧರನದು.

ಬಾಯ್ಲರ್ ಸತ್ತ ಮರುದಿನ ನಸುಕಿನಲ್ಲಿ ರತ್ನ ಅಟ್ಟಕ್ಕೆ ಕೈ ಚಾಚುವ ಮೊದಲೇ ನಾನು ಕೊಳವೆ ತೆಗೆದುಕೊಂಡೆ.

"ಬಿಡ್ರೀ, ನಿಮ್ಗೆ ಬರಲ್ಲ."

"ನೀನು ಇದನ್ನ ಮುಟ್ಟೋ ಹಾಗಿಲ್ಲ ಅಂತ ನಾನು ಮಾತು ಕೊಟ್ಟಿಲ್ವಾ?"

"ಅಂತೂ ಗ್ಯಾರಂಟಿ ಉಳಿಸ್ಕೊಂಡ್ರಿ" ಎಂದಳು. ಈ ಸಲ ನಕ್ಕದ್ದೇ, ಕೆಮ್ಮಿದ್ದಲ್ಲ.

ಅಂದು ಆಫೀಸಿನಲ್ಲಿ ಹೆಡ್ ಗುಮಾಸ್ತೆ ಶ್ರೀನಿವಾಸಪ್ಪನವರು ನನ್ನ ಮುಖ ನೋಡಿ ಗಾಬರಿಯಾದರು. "ಏನ್ರೀ ಆಂಜಿನಪ್ಪ, ಅತ್ತುಕೊಂಡು ಬಂದಿದೀರಾ? ಮನೇಲಿ ಏನಾದ್ರೂ..."

"ಸೌದೆ ಹಸಿ ಸಾರ್" ಎಂದೆ.

ಇದೆಲ್ಲ ಆಗಿ ನಾಲ್ಕು ವರ್ಷವಾಯಿತು. ಇನ್ನೊಂದು ಬಾಯ್ಲರ್ ಕೊಳ್ಳಲು ಗುಮಾಸ್ತೆಯ ಸಂಬಳಕ್ಕೆ ಆಗಲಿಲ್ಲ. ನಾನು ಈಗ ಚೆನ್ನಾಗಿ ಊದುತ್ತೇನೆ. ಆದರೂ ಹೊಗೆ ಮನೆಯೆಲ್ಲ ಸುತ್ತುತ್ತದೆ; ರತ್ನಳ ಎಡಗಣ್ಣಿಗೆ ಕವಿದ ಮಸುಕು ಹೋಗಲಿಲ್ಲ. ಸೂಜಿಗೆ ದಾರ ಪೋಣಿಸಲು ಪಾಪಕ್ಕನನ್ನು ಕರೆಯುತ್ತಾಳೆ. ಆ ಮಸುಕನ್ನು ನೆನೆದಾಗಲೆಲ್ಲ ಬಿಸಿಲಿಗೆ ಹೊಳೆಯುತ್ತಾ ಹೋದ ಆ ಜಟಕಾ ಕಣ್ಣಿಗೆ ಕಟ್ಟುತ್ತದೆ.

ಬಾಯ್ಲರ್ ಇನ್ನೂ ನಮ್ಮ ಮನೆಯಲ್ಲೇ ಇದೆ. ಅದನ್ನು ತೊಳೆದು ಒಣಗಿಸಿ ಅಡುಗೆಮನೆಯ ಮೂಲೆಗೆ ಇಟ್ಟಿದ್ದೇವೆ. ರತ್ನ ಅದರಲ್ಲಿ ರಾಗಿ ತುಂಬಿಡುತ್ತಾಳೆ.