ಬಣ್ಣ ಹಚ್ಚುವ ಲೆಕ್ಸರು, ಅದನ್ನು ತಿದ್ದಿದವರು

ರಾಯಚೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುತ್ತೇನೆ. ಇಂಗ್ಲಿಷಿಗೆ ಹೆದರುವ ಮಕ್ಕಳಿಗಾಗಿ, ಕನ್ನಡದ ಆಜ್ಞೆಗಳಲ್ಲೇ ಪ್ರೋಗ್ರಾಂ ಬರೆಯುವ ಎಡಿಟರ್ ಒಂದನ್ನು ಮಾಡಿದೆ. ಅದರೊಳಗೆ ಲೆಕ್ಸರ್ ಅಂತ ಒಂದು ಭಾಗ. ಬರೆದ ಸಾಲನ್ನು ಪದಪದವಾಗಿ ಬಿಡಿಸಿ ಆಜ್ಞೆಗೆ ನೀಲಿ, ಉದ್ಧರಣ ಚಿಹ್ನೆಯೊಳಗಿನ ಮಾತಿಗೆ ಹಸಿರು, ಹೀಗೆ ಬಣ್ಣ ಹಚ್ಚುವುದು ಅದರ ಕೆಲಸ. ಅದನ್ನು ಕಟ್ಟಿದವಳು ನಾನೊಬ್ಬಳೇ. ತಿದ್ದಿಕೊಟ್ಟವರು ಮಾತ್ರ ಬಹಳ ಮಂದಿ. ಅವರಿಂದಾಗಿ, ನಾನು ನಗದೆ ಕಳೆದ ಒಂದು ವಾರವೂ ನೆನಪಿಲ್ಲ.

ಇದ್ರ

ಮೊದಲ ದಿನವೇ ಗಬ್ಬೂರಿನಿಂದ ಬಸ್ಸಿಗೆ ಬರುವ ವಿದ್ಯಾರ್ಥಿನಿ ಕೈ ಎತ್ತಿದಳು. "ಮೇಡಂ, ನನ್ನ ಸಾಲಿಗೆ ಬಣ್ಣ ಬರವಲ್ದು."

ನಾನು ಕಲಿಸಿದ ಆಜ್ಞೆ 'ಇದ್ದರೆ'. ಅವಳು ಬರೆದದ್ದು 'ಇದ್ರ'.

"ಇದ್ದರೆ ಅಂತ ಬರೀಬೇಕವ್ವಾ."

"ಹಂಗ ಯಾರು ಮಾತಾಡ್ತಾರ್ರೀ?"

ನಾನು ಮಾನ್ವಿಯವಳು. ಮನೆಯಲ್ಲಿ ನಾನೂ ಹಾಗೆ ಮಾತಾಡುವುದಿಲ್ಲ. ಅಲ್ಲೇ ಕುಳಿತು 'ಇದ್ರ'ವನ್ನೂ ಸೇರಿಸಿದೆ. ನೀಲಿ ಬಂತು. ಅವಳು ಪಕ್ಕದವಳಿಗೆ ಹೇಳಿದಳು: "ಪಾಪ, ಅದಕ್ಕ ಕನ್ನಡ ಬರ್ತಿದ್ದಿಲ್ಲ. ಈಗ ಕಲತದ."

ಹಸಿರು

ಮಾನ್ವಿ ಕಡೆಯ ಒಂದು ಹೈಸ್ಕೂಲಿಗೆ ಎಡಿಟರ್ ತೋರಿಸಲು ಹೋಗಿದ್ದೆ. ಗಡಿಬಿಡಿಯಲ್ಲಿ ಉದ್ಧರಣ ಚಿಹ್ನೆ ಮುಚ್ಚುವುದನ್ನು ಮರೆತೆ. ಅಲ್ಲಿಂದ ಮುಂದಿನದೆಲ್ಲ ಒಂದೇ ಮಾತು ಅಂದುಕೊಂಡ ಲೆಕ್ಸರ್ ಪರದೆ ತುಂಬ ಹಸಿರು ಹಚ್ಚಿತು.

ಹೆಡ್‌ಮಾಸ್ತರರು ಮಕ್ಕಳ ಕಡೆ ತಿರುಗಿ, "ನೆಲ್ಲು ಹಚ್ಚಿದ ಗದ್ದಿ ಹಂಗ ಕಾಣ್ತದ ನೋಡ್ರಿ. ಚಪ್ಪಾಳಿ ಹೊಡೀರಿ" ಅಂದರು. ಮಕ್ಕಳು ಹೊಡೆದರು. ನನ್ನ ಮಾನ ಉಳಿಯಿತು. ನಾನು ಮೆಲ್ಲಗೆ ಚಿಹ್ನೆ ಮುಚ್ಚಿದೆ, ಹಸಿರು ಹೋಯಿತು.

ಹೆಡ್‌ಮಾಸ್ತರರು ಕೇಳಿದರು: "ಇಷ್ಟು ಲಗೂನ ಕೊಯ್ದುಬಿಟ್ರೇನ್ರೀ ಮೇಡಂ?"

ಕೇಸರಿಬಾತ್

ಎಡಿಟರ್ ಲ್ಯಾಬಿನಲ್ಲಿ ಇರಬೇಕೋ ಬೇಡವೋ ಎಂದು ಪ್ರಾಚಾರ್ಯರು ಮರುದಿನ ತೀರ್ಮಾನಿಸುವವರಿದ್ದರು. ಕ್ಯಾಂಟೀನಿನ ಚಾಚಾ ಚಹಾ ತಂದರು. ಪರೀಕ್ಷಿಸಲೆಂದು ಅವರ ತಿಂಡಿಗಳ ಪಟ್ಟಿಯನ್ನೇ ಟೈಪ್ ಮಾಡಿದೆ. 'ಸರಿ' ಕೂಡ ನನ್ನ ಆಜ್ಞೆಗಳಲ್ಲೊಂದು. ಕೇಸರಿಬಾತಿನ ನಡುವಿನ 'ಸರಿ' ಮಾತ್ರ ನೀಲಿಯಾಯಿತು; ಕೆಳಗಿನ ಉಪ್ಪಿಟ್ಟಿಗೆ ಬಣ್ಣವೇ ಬರಲಿಲ್ಲ. ಪೂರ್ತಿ ಪದ ನೋಡದೆ ಬಣ್ಣ ಹಚ್ಚುವ ದೊಡ್ಡ ತಪ್ಪು ಸಿಕ್ಕಿದ್ದು ಹಾಗೆ. ಮರುದಿನದ ನಾಚಿಕೆ ತಪ್ಪಿತೆಂದು ಚಾಚಾಗೆ ಕೈಮುಗಿದೆ.

ಅವರ ಕಣ್ಣು ಪರದೆ ಮೇಲೇ ಇತ್ತು. "ಕೇಸರಿಬಾತ್ ಸರಿ ಅದ ಅಂತದ, ಬರೋಬ್ಬರಿ. ಉಪ್ಪಿಟ್ಟು ನಿನ್ನೇದು ಅಂತ ಇದಕ್ಕ ಯಾರು ಹೇಳಿದ್ರು?"

ಬೂದಿ ಬಣ್ಣ

ಪ್ರಾಚಾರ್ಯರು ಒಪ್ಪಿದರು. ಪ್ರೋಗ್ರಾಮಿನ ನಡುವೆ ಬರೆಯುವ ಟಿಪ್ಪಣಿಗೆ ಲೆಕ್ಸರ್ ಬೂದಿ ಬಣ್ಣ ಹಚ್ಚುತ್ತದೆ. "ಬೂದಿ ಸಾಲು ಯಂತ್ರ ಓದಂಗಿಲ್ಲ. ಮನಸಿಗೆ ಬಂದದ್ದು ಅಲ್ಲಿ ಬರೀರಿ" ಎಂದು ಕಲಿಸಿದ್ದೆ.

ದೇವದುರ್ಗದ ಇಬ್ಬರು ಗೆಳತಿಯರು ಇಂಗ್ಲಿಷಿನಲ್ಲಿ ಒಂದು ಸಾಲೂ ಬರೆದವರಲ್ಲ. ಪರೀಕ್ಷೆಯಲ್ಲಿ ಇಬ್ಬರೂ ಪೂರ್ತಿ ಪ್ರೋಗ್ರಾಂ ಬರೆದಿದ್ದರು. ಎರಡೂ ಚೊಕ್ಕವಾಗಿ ಓಡಿದವು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಬೂದಿ ಸಾಲು ನೋಡಿದೆ. ಒಬ್ಬಳದು: "ಇದು ನಂದಲ್ಲ, ಮಗ್ಗಲದಾಕಿದು ನೋಡಿ ಬರದೀನಿ." ಪಕ್ಕದಲ್ಲೇ ಕುಳಿತ ಆ ಮಗ್ಗಲದವಳದು: "ಇದು ನಂದಲ್ಲ, ಮಗ್ಗಲದಾಕಿದು ನೋಡಿ ಬರದೀನಿ."

ಇಬ್ಬರನ್ನೂ ಕರೆದೆ. "ಹಂಗಾದ್ರ ಬರದಾಕಿ ಯಾರವ್ವಾ?"

ಒಬ್ಬಳು ಮೆಲ್ಲಗೆ ಹೇಳಿದಳು:

"ಬೂದಿ ಸಾಲು ಯಂತ್ರ ಓದಂಗಿಲ್ಲ ಅಂದಿದ್ರಿ ಮೇಡಂ. ನೀವು ಓದ್ತೀರಿ ಅಂತ ಹೇಳಿದ್ದಿಲ್ಲ."