ಭಾನುಮತಿ ಮಾತು ಬಿಟ್ಟ ಶನಿವಾರ

ಜಯಲಕ್ಷ್ಮಿಪುರಂನ ಭಾನುಮತಿ ಒಂದು ಶುಕ್ರವಾರ ಕೂತು ಲೆಕ್ಕ ಹಾಕಿದಳು. ಬೆಳಗ್ಗೆ ಎದ್ದಾಗಿನಿಂದ ಸ್ಕೂಲಿನ ಹೊತ್ತಿನವರೆಗೆ ತಾನು 'ಅಶ್ವತ್ಥಾ' ಎಂದು ಕೂಗಿದ್ದು ನಲವತ್ತೊಂದು ಸಲ. ಮಗರಾಯ 'ಆಂ' ಎಂದದ್ದು ಎರಡು ಸಲ. (ಅದರಲ್ಲಿ ಒಂದು ಆಕಳಿಕೆ.) ಇಷ್ಟು ಸಲ ಕರೆದಿದ್ದರೆ ನಂಜುಂಡೇಶ್ವರ ನಂಜನಗೂಡಿನಿಂದ ನಡೆದೇ ಬಂದುಬಿಡುತ್ತಿದ್ದ!

ಪಕ್ಕದ ಮನೆಯ ಚಂದ್ರಮತಿ ಕಾಂಪೌಂಡಿನಾಚೆಯಿಂದ ಮದ್ದು ಹೇಳಿದಳು. "ಒಂದು ದಿನ ಮೌನವ್ರತ ಹಿಡೀರಿ ಕಣ್ರೀ. ಸೂರ್ಯ ಹುಟ್ಟಿದಾಗ್ಲಿಂದ ದೀಪ ಹಚ್ಚೋವರೆಗೂ ತುಟಿ ಬಿಚ್ಚಬಾರ್ದು. ಮನಸ್ಸು ತಿಳಿನೀರಾಗುತ್ತೆ." ಚಂದ್ರಮತಿಯ ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದರು ಎಂಬುದು ಭಾನುಮತಿಗೆ ಆಗ ಹೊಳೆಯಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಸಂಕಲ್ಪವನ್ನು ಘೋಷಿಸಿದಳು. ಯೂನಿವರ್ಸಿಟಿ ಆಫೀಸಿನ ಗುಮಾಸ್ತನಾದ ಗಂಡ ನಂಜುಂಡಸ್ವಾಮಿಗೆ ಮಜ್ಜಿಗೆ ನೆತ್ತಿಗೇರಿತು.

"ಇಡೀ ದಿವಸವಾ? ನೀನಾ?"

ಶನಿವಾರ ಬೆಳಗಾಯಿತು. ಭಾನುಮತಿ ಅಶ್ವತ್ಥನೆದುರು ನಿಂತು, ತಲೆಯ ಮೇಲೆ ಚೊಂಬು ಬಗ್ಗಿಸುವ ಅಭಿನಯ ಮಾಡಿದಳು. ಎಂಟು ವರ್ಷದ ಅಶ್ವತ್ಥ ಆಕಾಶ ನೋಡಿ, "ಮಳೆ ಬರುತ್ತಾಮ್ಮ? ಸ್ಕೂಲಿಗೆ ಹೋಗೋದ್ಬೇಡ್ವಾ?" ಎಂದ. ಕಿವಿ ಹಿಂಡಿದಳು. (ಕಿವಿ ಹಿಂಡುವುದಕ್ಕೆ ವ್ಯಾಕರಣ ಬೇಕಿಲ್ಲ.) ಸ್ನಾನವಾಯಿತು.

ಆದರೆ ಬೆಳಗಿನ ಸ್ಕೂಲು ಮುಗಿಸಿಕೊಂಡು ಹನ್ನೊಂದೂವರೆಗೆ ಬಂದವನ ಕಂಕುಳಲ್ಲಿ ಒಂದು ನಾಯಿಮರಿ ಇತ್ತು, ತಲೆಯಲ್ಲಿ ಒಂದು ಕಾನೂನಿತ್ತು.

"ಅಮ್ಮಾ, ಇದನ್ನ ಸಾಕ್ಕೊಳ್ಲಾ? ಬೇಡ ಅನ್ನೋದಾದ್ರೆ ಬಾಯ್ಬಿಟ್ಟು ಹೇಳ್ಬುಡು. ಒಂದು... ಎರಡು... ಮೂರು! ಅಮ್ಮ ಒಪ್ಪಿದ್ಲು!"

ಭಾನುಮತಿ ಬೇಡವೆಂದು ಕುತ್ತಿಗೆ ಉಳುಕುವಂತೆ ತಲೆಯಾಡಿಸಿದಳು. ಜಾಣ, ಎಣಿಸುವಾಗ ಬೆನ್ನು ತಿರುಗಿಸಿ ನಿಂತಿದ್ದ.

ಕಾನೂನು ಮನೆಯಲ್ಲೆಲ್ಲ ಜಾರಿಗೆ ಬಂತು. ಹನ್ನೊಂದು ವರ್ಷದ ಚೂಡಾಮಣಿ ಅದರ ಪ್ರಕಾರವೇ ಅಮ್ಮನ ಜರಿಸೀರೆ ಉಟ್ಟು, ಮನೆ ತುಂಬ ಸೆರಗು ಎಳೆದುಕೊಂಡು ಮಹಾರಾಣಿಯಾಗಿ ಓಡಾಡಿದಳು. ಅರ್ಧ ದಿನದ ಆಫೀಸು ಮುಗಿಸಿ ಬಂದ ನಂಜುಂಡಸ್ವಾಮಿ ಇದನ್ನೆಲ್ಲ ನೋಡಿ ಗಂಟಲು ಸರಿಮಾಡಿಕೊಂಡ.

"ಸಾಯಂಕಾಲ ನಮ್ಮ ಸ್ನೇಹಿತರು ಇಸ್ಪೀಟಿಗೆ ಬರ್ಲಿ ಅಂತಿದೀನಿ. ಆಕ್ಷೇಪಣೆ ಇದ್ದಲ್ಲಿ ಈಗ್ಲೇ ತಿಳಿಸತಕ್ಕದ್ದು," ಎಂದು ಸರ್ಕಾರಿ ಧಾಟಿಯಲ್ಲಿ ಹೇಳಿ, ಕೋಟು ತೂಗುಹಾಕುವ ನೆಪದಲ್ಲಿ ಅವನೂ ಬೆನ್ನು ತಿರುಗಿಸಿದ. ಆ ಮನೆಯಲ್ಲಿ ಇಸ್ಪೀಟಿಗೆ ಆರು ವರ್ಷದಿಂದ ಬಹಿಷ್ಕಾರವಿತ್ತು!

ದೀಪ ಹಚ್ಚಿದ ಮರುಕ್ಷಣ ಯಾರಿಗೆ ಯಾವ ಬೈಗುಳ ಎಂದು ಭಾನುಮತಿ ಮನಸ್ಸಿನಲ್ಲೇ ಜೋಡಿಸತೊಡಗಿದಳು. ಮೂರು ಗಂಟೆಯ ಹೊತ್ತಿಗೆ ಇಪ್ಪತ್ತೇಳು ಸೇರಿದ್ದವು. ತಿಳಿನೀರಾಗಬೇಕಿದ್ದ ಮನಸ್ಸು ಹಂಡೆಯ ನೀರಿನಂತೆ ಕುದಿಯುತ್ತಿತ್ತು.

ಈ ಗದ್ದಲದಲ್ಲಿ ವ್ರತವೆಂದರೇನು ಎಂದು ಮೂರೂವರೆ ವರ್ಷದ ಪುಟ್ಟಣ್ಣನಿಗೆ ಮಾತ್ರ ಯಾರೂ ಹೇಳಿರಲಿಲ್ಲ. ಬೆಳಗಿನಿಂದ ಅಮ್ಮನ ಸೆರಗು ಹಿಡಿದೇ ತಿರುಗುತ್ತಿದ್ದ. "ಅಮ್ಮ, ನನ್ ಜೊತೆ ಟೂ ಬಿಟ್ಯಾ?" ಎಂದು ಕೇಳಿದ. ಭಾನುಮತಿ ತಬ್ಬಿ ಮುತ್ತಿಟ್ಟಳು. ಮುತ್ತೇನೋ ಸರಿ, ಆದರೆ ಕೇಳಿದ್ದಕ್ಕೆ ಉತ್ತರ ಬರಲಿಲ್ಲವಲ್ಲ! ಮಧ್ಯಾಹ್ನ ಅವನು ಮಂಚದ ಕೆಳಗೆ ತೂರಿದ. ಅಕ್ಕಿಡಬ್ಬಕ್ಕೆ ಕೈ ಹಾಕಿದ. ಒರಳುಕಲ್ಲಿನ ಸಂದಿಯಲ್ಲಿ ಇಣುಕಿದ.

"ಏನೋ ಹುಡುಕ್ತಿದೀಯಾ?" ಎಂದಳು ಚೂಡಾಮಣಿ.

"ಅಮ್ಮನ ಮಾತು ಬಿದ್ದೋಗಿದೆ."

ಅಡಿಗೆಮನೆಯಲ್ಲಿದ್ದ ಭಾನುಮತಿ ಅದನ್ನು ಕೇಳಿ ಇನ್ನೇನು ಬಾಯಿ ಬಿಡುವುದರಲ್ಲಿದ್ದಳು. ಆದರೂ ಹಲ್ಲು ಕಚ್ಚಿದಳು. ಇಷ್ಟು ಹೊತ್ತು ತಡೆದವಳು ಇನ್ನೆರಡು ಗಂಟೆ ತಡೆಯಲಾರಳೇ?

ಸಂಜೆಯಾಯಿತು. ನಡುಮನೆಯಲ್ಲಿ ಇಸ್ಪೀಟು ರಂಗೇರಿತ್ತು. ದೇವರ ಮುಂದೆ ಬತ್ತಿ ಹೊಸೆದಿಟ್ಟು, ಕೈಯಲ್ಲಿ ಬೆಂಕಿಪೆಟ್ಟಿಗೆ ಹಿಡಿದು, ಕತ್ತಲಾಗುವುದನ್ನೇ ಕಾಯುತ್ತ ಭಾನುಮತಿ ಕೂತಿದ್ದಳು. ಇನ್ನು ಕಾಲು ಗಂಟೆ ಅಷ್ಟೆ. ಪುಟ್ಟಣ್ಣ ಬಂದು ತೊಡೆ ಏರಿದ. ದವಡೆಯಲ್ಲಿದ್ದ ಪೆಪ್ಪರಮೆಂಟನ್ನು ತೆಗೆದು ಅಮ್ಮನ ತುಟಿಗೆ ಒತ್ತಿದ.

"ನನ್ ಮಾತು ತಗೋಮ್ಮ. ನಂಗೆ ಇನ್ನೂ ಇದೆ."

"ನನ್ನಪ್ಪಾ! ನನ್ ಬಂಗಾರಾ!"

ವ್ರತ ದಡದಲ್ಲೇ ಮುಳುಗಿತು.

"ಅಮ್ಮ ಮಾತಾಡಿದ್ಲು!" ಪುಟ್ಟಣ್ಣ ಕಿರುಚಿದ. ಅಶ್ವತ್ಥ ನಾಯಿಮರಿಯೊಡನೆ ಓಡಿಬಂದ. ಚೂಡಾಮಣಿ ಸೀರೆ ಎಡವಿಕೊಂಡು ಬಂದಳು. ನಂಜುಂಡಸ್ವಾಮಿ ಹದಿಮೂರು ಎಲೆ ಕೈಯಲ್ಲಿ ಹಿಡಿದೇ ಬಂದ. ತೀರ್ಪು ಕೇಳುವ ಕೈದಿಗಳಂತೆ ಮೂವರೂ ಬಾಗಿಲಲ್ಲಿ ಸಾಲಾಗಿ ನಿಂತರು.

ಭಾನುಮತಿ ಬಾಯಿ ತೆರೆದಳು. ಇಪ್ಪತ್ತೇಳರಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಅಷ್ಟರಲ್ಲಿ ಪುಟ್ಟಣ್ಣ ಕೊರಳಿಗೆ ಜೋತುಬಿದ್ದು, "ನಾಯಿಮರಿಗೆ ಹಾಲು ಕೊಡ್ಲಾಮ್ಮ?" ಎಂದ.

"ಕೊಡು ಮಗಾ," ಎಂದುಬಿಟ್ಟಳು. ಇಡೀ ದಿನ ತಲೆಯಾಡಿಸಿ ನಿರಾಕರಿಸಿದ್ದನ್ನು ಬಾಯಾರೆ ಮಂಜೂರು ಮಾಡಿದ್ದಾಯಿತು!

ಅಶ್ವತ್ಥ ಮೆಲ್ಲಗೆ ಹತ್ತಿರ ಬಂದ. "ನಾಳೇನೂ ಮೌನಾನಾಮ್ಮ?"

"ಯಾಕೋ? ನಿಂಗೆ ಅನುಕೂಲವೇ ಆಯ್ತಲ್ಲ?"

"ಬೇಡಮ್ಮ. ಸ್ಕೂಲಿಂದ ಬಂದಾಗ ಯಾರೂ ಕೂಗ್ಲೇ ಇಲ್ಲ. ಬೇರೆಯವರ ಮನೆಗೆ ಬಂದ್ಬುಟ್ಟೆ ಅನ್ನಿಸ್ತು."

ನಂಜುಂಡಸ್ವಾಮಿ ತನ್ನ ಎಲೆಗಳನ್ನೇ ನೋಡುತ್ತ ಹೇಳಿದ: "ನಂಗೂ ಬೆಳಗ್ಗಿಂದ ಏನೋ ಹೆದರಿಕೆ ಕಣೇ. ಒಂದೆರಡು ಮಾತು ಬೈದ್ಬುಡು. ಆಟ ಕುದುರುತ್ತೆ."

ಭಾನುಮತಿ ಹುಬ್ಬು ಗಂಟಿಕ್ಕಿ ಪ್ರಯತ್ನಪಟ್ಟಳು. ಬಾಯಲ್ಲಿ ಪೆಪ್ಪರಮೆಂಟು ಇಟ್ಟುಕೊಂಡು ಗಂಡನನ್ನು ಬೈಯುವುದು ಸುಲಭವಲ್ಲ. ಕೊನೆಗೆ ದೀಪ ಹಚ್ಚಿ, ಸೆರಗು ಸಿಕ್ಕಿಸಿ ಎದ್ದಳು.

"ಅದೆಲ್ಲ ಆಮೇಲೆ. ಎಷ್ಟು ಲೋಟ ಕಾಫಿ, ಮೊದ್ಲು ಅದು ಹೇಳಿ."

"ನಾಲ್ಕು," ಎಂದ ನಂಜುಂಡಸ್ವಾಮಿ, ಬಲು ವಿನಯದಿಂದ.

"ಏಳು ಕಣಮ್ಮ," ಎಂದು ನಡುಮನೆಯಿಂದ ಯಾರೋ ತಿದ್ದಿದರು.