ಮಾವನ ಕೊರಳ ಸೀಟಿ

ಅಮೆರಿಕದ ಬಾಸ್ಕೆಟ್‌ಬಾಲ್ ರೆಫರಿಗಳಲ್ಲಿ ಏಳೆಂಟು ಮಂದಿಯ ಮೇಲೆ ನಮ್ಮ ಸೋದರಮಾವನಿಗೆ ವಿಪರೀತ ಸಿಟ್ಟಿದೆ. ಪಾಪ, ಅವರಿಗೆ ಈ ಸಂಗತಿ ಇನ್ನೂ ಗೊತ್ತಿಲ್ಲ. ಗೊತ್ತಾದರೆ ಬೆಟಗೇರಿಯ ಕಡೆ ತಲೆ ಹಾಕಿ ಕೂಡ ಮಲಗಲಿಕ್ಕಿಲ್ಲ!

ಮಾವ ಡಂಬಳದ ಹೈಸ್ಕೂಲಿನಲ್ಲಿ ಪೀಟಿ ಮಾಸ್ತರನಾಗಿ ನಿವೃತ್ತನಾದವನು. ನಿವೃತ್ತಿಯ ನಂತರ ಬೆಟಗೇರಿಗೆ ಬಂದು ನಮ್ಮಿಂದ ಎರಡು ಓಣಿ ಆಚೆ ಮನೆ ಮಾಡಿದ. ಉಳಿದವರು ನಿವೃತ್ತರಾದ ಮೇಲೆ ಕಟ್ಟೆಗೆ ಕೂಡುತ್ತಾರೆ, ಇಲ್ಲವೇ ಹೊಲ ನೋಡಿಕೊಳ್ಳುತ್ತಾರೆ. ನಮ್ಮ ಮಾವ ಅಮೆರಿಕದ ಆಟಗಳನ್ನು ನಡೆಸಿಕೊಡುತ್ತಾನೆ. ನೋಡುತ್ತಾನೆ ಎಂದು ನೀವು ತಿಳಿದರೆ ಅದು ನಿಮ್ಮ ತಪ್ಪು. ಅಲ್ಲಿ ರಾತ್ರಿ ಆಡುವ ಆಟ ನಮಗೆ ಬೆಳಗಿನ ಹೊತ್ತು ನೇರವಾಗಿ ಬರುತ್ತದಲ್ಲ, ಅಷ್ಟರೊಳಗೆ ಅವನ ಸ್ನಾನ ಮುಗಿದಿರುತ್ತದೆ. ಹಣೆಗೆ ವಿಭೂತಿ, ಇಸ್ತ್ರಿಯ ಬಿಳಿ ಅಂಗಿ, ಬಿಳಿ ಬೂಟು, ಕೊರಳಲ್ಲಿ ಕರಿ ದಾರದ ಸೀಟಿ. ಆರೂವರೆಗೆ ನಮ್ಮ ಬಾಗಿಲಲ್ಲಿ ಹಾಜರು.

"ನಮ್ಮ ಮನ್ಯಾಗ ನೆಟ್ ಬರಂಗಿಲ್ಲವಾ. ಬರೇ ಸುತ್ತತೈತಿ," ಎನ್ನುತ್ತಾನೆ. ಎರಡು ವರ್ಷದಿಂದ ದಿನಾ ಇದೇ ಮಾತು, ಇದೇ ಮುಖ.

ನಮ್ಮ ಮನೆಯೂ ದೊಡ್ಡ ಅರಮನೆಯೇನಲ್ಲ. ಪಡಸಾಲೆಯ ಒಂದು ಬದಿಗೆ ಅಪ್ಪನ ಕೈಮಗ್ಗ, ಇನ್ನೊಂದು ಬದಿಗೆ ಟೀವಿ, ಒಳಗೆ ಅಡುಗೆಮನೆಯಲ್ಲಿ ಅವ್ವನ ರೊಟ್ಟಿಯ ಸಪ್ಪಳ. ನಾನು ಹಿರೇಹಂದಿಗೋಳದ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಬಸ್ಸಿಗೆ ಹೊರಡುವ ತನಕ ಆಟ ಹಚ್ಚಿಕೊಡುವುದು, ನಿಂತಾಗ ಮತ್ತೆ ಹಚ್ಚುವುದು ನನ್ನ ಕೆಲಸ. ಒಮ್ಮೆ, ಆಟ ಮುಗಿದ ಮೇಲೆ, ಮರ್ಯಾದೆಗೆಂದು ಕೇಳಿದೆ.

"ಯಾರು ಗೆದ್ದರು ಮಾಮಾ?"

ಅವನಿಗೆ ನಿಜಕ್ಕೂ ನೋವಾಯಿತು. "ಅದನ್ನ ನೋಡಾಕ ನಾ ಏನು ಪ್ರೇಕ್ಷಕ ಏನು?"

ಹೌದಲ್ಲ! ರೆಫರಿಗೆ ಗೆದ್ದವರು, ಸೋತವರು ಇಬ್ಬರೂ ಒಂದೇ. ಅವನಿಗೆ ಬೇಕಾದ್ದು ತಪ್ಪು ಒಂದೇ. ಅಲ್ಲಿನ ರೆಫರಿ ಊದುವ ಮೊದಲು ಇವನು ಊದಬೇಕು. ಟೀವಿಯಲ್ಲಿ ಆಟ ನಿಂತು ಚಕ್ರ ತಿರುಗತೊಡಗಿದರೂ ಊದುತ್ತಾನೆ. ಎರಡೂ ಕೈಯಿಂದ 'ಟೈಮ್ ಔಟ್' ಸನ್ನೆ ಮಾಡಿ, ಮೂಲೆಯಲ್ಲಿ ಮಿಣುಕುವ ನೆಟ್ಟಿನ ಡಬ್ಬಿಯನ್ನು ದುರುಗುಟ್ಟಿ ನೋಡುತ್ತಾನೆ. ಎಷ್ಟೋ ಸಲ ಆ ಡಬ್ಬಿ ಹೆದರಿ ಸರಿಯಾದದ್ದನ್ನು ನಾನೇ ಕಂಡಿದ್ದೇನೆ.

ಇದರಿಂದ ಓಣಿಗೆ ಆದ ತ್ರಾಸು ಒಂದೆರಡಲ್ಲ. ನಮ್ಮಲ್ಲಿ ಬೆಳಿಗ್ಗೆ ಕಸದ ಗಾಡಿಯವರು ಸೀಟಿ ಊದುತ್ತ ಬರುತ್ತಾರೆ. ಮಾವ ಬರಲಿಕ್ಕೆ ಶುರುಮಾಡಿದ ಮೊದಲ ವಾರ ಏನಾಯಿತೆಂದರೆ, ಟೀವಿಯಲ್ಲಿ ಯಾರೋ ಯಾರನ್ನೋ ಮೊಣಕೈಯಿಂದ ತಿವಿದ, ಮಾವ ಊದಿದ, ಓಣಿಯ ಹೆಂಗಸರೆಲ್ಲ ಕಸದ ಬಕೀಟು ಹಿಡಿದು ಹೊರಗೆ ಬಂದರು. ಗಾಡಿ ಇಲ್ಲ! ಒಳಗೆ ಹೋದರು. ಮತ್ತೆ ತಿವಿದ, ಮತ್ತೆ ಊದಿದ, ಮತ್ತೆ ಬಂದರು. ಮೂರನೆಯ ಸಲಕ್ಕೆ ಎದುರುಮನೆಯ ಅಜ್ಜಿ ಬಕೀಟು ಸಮೇತ ನಮ್ಮ ಪಡಸಾಲೆಗೇ ಬಂದಳು.

"ಯಾರಪಾ ಅಂವಾ? ನಮ್ಮನ್ನೇನು ಕುಣಸಾಕತ್ತೀ ಏನು?"

ಮಾವ ಎದ್ದು ನಿಂತು ಕೈಮುಗಿದ. "ಇದು ಕಸದ ಸೀಟಿ ಅಲ್ಲ ಯವ್ವಾ. ಫೌಲಿನ ಸೀಟಿ."

"ಎರಡೂ ಒಂದೇ ಅಲ್ಲೇನೋ?" ಎಂದಳು ಅಜ್ಜಿ. ಅಪ್ಪ ಮಗ್ಗದಲ್ಲಿ ಕುಳಿತಲ್ಲಿಯೇ ಬಗ್ಗಿ, ನೂಲಿನ ಎಳೆ ಹುಡುಕುವಂತೆ ಮಾಡಿ ನಕ್ಕ.

ನಗದವಳು ಅವ್ವ ಒಬ್ಬಳೇ. ಅದಕ್ಕೆ ಕಾರಣವಿದೆ, ಅದನ್ನು ಈಗಲೇ ಹೇಳಿಬಿಡುತ್ತೇನೆ.

ಅವ್ವ ಹುಡುಗಿಯಾಗಿದ್ದಾಗ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ನೇಕಾರರ ಮನೆಯ ಹುಡುಗಿ ಬೂಟು ಹಾಕಿಕೊಂಡು ಓಡುತ್ತಾಳೆಂದು ನೋಡಲಿಕ್ಕೆ ಮಂದಿ ನಿಲ್ಲುತ್ತಿದ್ದರಂತೆ. ಅವಳ ಹತ್ತನೆಯ ಇಯತ್ತೆಯ ವರ್ಷ, ಗದಗಿನಲ್ಲಿ ಬೆಟಗೇರಿಯ ಹುಡುಗಿಯರಿಗೂ ಲಕ್ಷ್ಮೇಶ್ವರದ ಹುಡುಗಿಯರಿಗೂ ಪಂದ್ಯ. ಗೆದ್ದವರು ಮುಂದಿನ ಹಂತಕ್ಕೆ. ಶಿರಹಟ್ಟಿಯಿಂದ ಬರಬೇಕಾದ ರೆಫರಿಗೆ ಬಸ್ಸು ತಪ್ಪಿತು. ಆಗಷ್ಟೇ ನೌಕರಿಗೆ ಸೇರಿದ್ದ ಮಾವನ ಕೊರಳಿಗೆ ಸೀಟಿ ಬಿತ್ತು. 'ಬ್ಯಾಡ್ರಿ, ನಮ್ಮ ತಂಗಿ ಆಡಾಕತ್ತಾಳ' ಎಂದನಂತೆ. ಕೇಳುವವರು ಯಾರು? ಕಡೆಯ ಗಳಿಗೆ. ಬೆಟಗೇರಿಯವರು ಒಂದು ಅಂಕ ಹಿಂದೆ. ಅವ್ವ ಚೆಂಡು ಹಿಡಿದು ನುಗ್ಗಿದಳು, ಜಿಗಿದಳು, ಚೆಂಡು ಬುಟ್ಟಿಯೊಳಗೆ! ಬಯಲಿಗೆ ಬಯಲೇ ಕೂಗಿತು. ಅಷ್ಟರಲ್ಲಿ ಸೀಟಿ.

'ಹೆಜ್ಜಿ ಹೆಚ್ಚಾತು' ಎಂದ ಮಾವ. ಆ ಆಟದಲ್ಲಿ ಚೆಂಡು ಕೈಯಲ್ಲಿ ಹಿಡಿದು ಎರಡು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಬುಟ್ಟಿ ರದ್ದಾಯಿತು, ಪಂದ್ಯ ಹೋಯಿತು. ಅದೇ ತಿಂಗಳು ನಮ್ಮಜ್ಜ 'ಇನ್ನ ಆಟ ಸಾಕು' ಎಂದು ಅವ್ವನ ಬೂಟುಗಳನ್ನು ಅಟ್ಟಕ್ಕೆ ಒಗೆದ. ವರ್ಷ ತುಂಬುವುದರೊಳಗೆ ಅವಳ ಲಗ್ನ.

ಆ ಹೆಜ್ಜೆ ನಿಜವಾಗಿ ಹೆಚ್ಚಾಗಿತ್ತೇ? ಮಾವನಿಗೇ ಗೊತ್ತಿಲ್ಲ. ಇದೇ ಅವನ ರೋಗ. ಒಮ್ಮೆ ನನ್ನೊಬ್ಬಳ ಮುಂದೆ ಬಾಯಿಬಿಟ್ಟ. "ಸೊಸಿ, ನನಗ ಹೆಜ್ಜಿ ಕಾಣಲಿಲ್ಲ. ಮಂದಿ ಕಂಡ್ರು. ಮನಿ ಹುಡುಗಿ ಅಂತ ಬಿಟ್ಟ ಅಂತಾರ ಅಂತ ಅಂಜಿ ಊದಿದೆ." ಇದನ್ನು ಅವನು ತಂಗಿಯ ಮುಂದೆ ಮಾತ್ರ ಯಾವತ್ತೂ ಆಡಿಲ್ಲ. ಅವಳೂ ಕೇಳಿಲ್ಲ. ಹಬ್ಬಕ್ಕೆ ಕರೆಯುತ್ತಾಳೆ, ಹೋಳಿಗೆ ಬಡಿಸುತ್ತಾಳೆ, 'ಅಣ್ಣಾ, ಉಣ್ಣು' ಎನ್ನುತ್ತಾಳೆ. ಚೆಂಡಿನ ಮಾತು ಬಂದರೆ ಎದ್ದು ಹೋಗುತ್ತಾಳೆ. ಮೂವತ್ತೈದು ವರ್ಷದಿಂದ ಹೀಗೇ.

ಆದ್ದರಿಂದ ಟೀವಿಯಲ್ಲಿ ಮಾವ ಹುಡುಕುವುದು ಹೆಜ್ಜೆಗಳನ್ನು. ಅಲ್ಲಿಯ ಆ ಉದ್ದುದ್ದ ಆಳುಗಳು ಚೆಂಡು ಹಿಡಿದು ದಾಪುಗಾಲು ಹಾಕುವಾಗ ಇವನು ಬೆರಳು ಮಡಚುತ್ತ, "ಒಂದು... ಎರಡು... ಮೂರು! ಎಲ್ಲೈತಿ ಸೀಟಿ? ಎಲ್ಲೈತಿ?" ಎಂದು ಒದರುತ್ತಾನೆ. ಎರಡೂ ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತಾನೆ. ಹೆಜ್ಜೆ ಹೆಚ್ಚಾಯಿತೆಂದು ಹೇಳುವ ಸನ್ನೆ ಅದು. ಅಪ್ಪನ ಕಣ್ಣಿಗೆ ಮಾತ್ರ ನೂಲು ಸುತ್ತಿದಂತೆ ಕಾಣುತ್ತದೆ. "ಬೀಗರ, ಹಂಗ ಸುತ್ತೂದಾದ್ರ ಇಲ್ಲೊಂದು ಲಡಿ ಐತಿ, ತಗೋರಿ," ಎನ್ನುತ್ತಾನೆ. ಅಲ್ಲಿನ ರೆಫರಿಗಳು ಮೂರು ಹೆಜ್ಜೆಯನ್ನೂ ಸುಮ್ಮನೆ ಬಿಟ್ಟುಬಿಡುವುದನ್ನು ನೋಡಿ ಮಾವನ ಹೊಟ್ಟೆ ಉರಿಯುತ್ತದೆ. ಒಳಗೆ ಅವ್ವನ ರೊಟ್ಟಿ ಬಡಿಯುವ ಸಪ್ಪಳ ಆಗ ಒಂದಿಷ್ಟು ಜೋರಾಗುತ್ತದೆ.

ಅಪ್ಪನನ್ನೂ ಅವನು ಬಿಟ್ಟಿಲ್ಲ. ಆಟದಲ್ಲಿ ಫೌಲಾದವನಿಗೆ ಒಬ್ಬನೇ ನಿಂತು ಗುರಿಯಿಡುವ ಅವಕಾಶ ಕೊಡುತ್ತಾರೆ. ಒಮ್ಮೆ ಅಂಥ ಹೊತ್ತಿನಲ್ಲಿ ಮಾವ ಕೈಯೆತ್ತಿ, "ಬೀಗರ, ಮಗ್ಗಾ ನಿಂದರಸ್ರಿ! ಅಂವಾ ಗುರಿ ಹಿಡ್ಯಾಕತ್ತಾನ," ಎಂದ.

"ಅಂವಾ ಅಮೆರಿಕಾದಾಗ ಅದಾನ್ರೀ. ನನ್ನ ಮಗ್ಗ ಬೆಟಗೇರ್ಯಾಗ ಐತಿ."

"ನಿಮ್ಮ ಮಗ್ಗದ ಸಪ್ಪಳ ನಿಮಗ ಗೊತ್ತಿಲ್ಲ."

ಅಪ್ಪ ನಕ್ಕು ಲಾಳಿ ಎಳೆದ. ಅಲ್ಲಿ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಹೊರಗೆ ಬಿತ್ತು. ಮಾವ ತಿರುಗಿ ಅಪ್ಪನನ್ನು ನೋಡಿದ. ಆ ನೋಟ ಏನು ಮಾಡಿತೋ, ಮರುದಿನದಿಂದ ಅಪ್ಪ ತಾನಾಗಿಯೇ ಮಗ್ಗ ನಿಲ್ಲಿಸುತ್ತಾನೆ. ಕಾಣದ ಊರಿನ ಹುಡುಗನ ಪಾಪ ತನಗೇಕೆಂದೋ ಏನೋ!

ಹೋದ ಚಳಿಗಾಲದಲ್ಲಿ ಮಾವ ಬದಲಾದ. ಒಂದು ಬೆಳಿಗ್ಗೆ ಅಲ್ಲಿಯ ರೆಫರಿ ಒಂದು ತೀರ್ಪು ಕೊಟ್ಟ. ಆಮೇಲೆ ಅನುಮಾನ ಬಂದು ಬದಿಗೆ ಹೋಗಿ, ಪರದೆಯಲ್ಲಿ ನಡೆದದ್ದನ್ನೇ ಮತ್ತೆ ಮತ್ತೆ ನೋಡಿದ. ನಡುವಿಗೆ ಬಂದು, ಸಾವಿರಾರು ಜನರ ಎದುರು, ಮೊದಲಿನ ತೀರ್ಪು ತಪ್ಪು ಎಂದು ಕೈಮಾಡಿ ಹೇಳಿದ. ಇಂಥದ್ದನ್ನು ಮಾವ ಮೊದಲೂ ನೋಡಿರಬಹುದು. ಅಂದು ಅದು ಅವನಿಗೆ ಎಲ್ಲಿ ತಾಗಿತೋ ಕಾಣೆ. ಚಹಾದ ಕಪ್ಪು ಕೈಯಲ್ಲೇ ಉಳಿಯಿತು.

"ಸೊಸಿ, ಹಿಂಗ ತಿದ್ದಾಕ ಎಷ್ಟು ಟೈಮ್ ಕೊಡ್ತಾರ? ಏನರ ನಿಯಮ ಐತೇನು?"

ನಾನು ಮೊಬೈಲಿನಲ್ಲಿ ಹುಡುಕಿ, "ಆಟ ಮುಗ್ಯೂದ್ರೊಳಗ ತಿದ್ದಬೇಕಂತ ಮಾಮಾ," ಎಂದೆ. ಎಂಥ ದಡ್ಡಿ ನಾನು!

"ಹೌದೇನು," ಎಂದವನೇ ಎದ್ದು ಹೋದ. ಚಹಾ ಹಾಗೇ ಇತ್ತು.

ನಾಲ್ಕು ದಿನ ಬರಲಿಲ್ಲ. ಐದನೆಯ ದಿನ ಅವ್ವ ರೊಟ್ಟಿ, ಪಲ್ಯ ಕಟ್ಟಿಕೊಟ್ಟು, "ನೋಡಿ ಬಾ, ಆರಾಮ ಅದಾನೋ ಇಲ್ಲೋ," ಎಂದಳು. ಹೋದೆ. ಅತ್ತೆ ಬಾಗಿಲು ತೆಗೆದಳು. ಪಡಸಾಲೆಯಲ್ಲಿ ನಮ್ಮದರ ಎರಡರಷ್ಟು ಅಗಲದ ಟೀವಿ. ಅದರಲ್ಲಿ ಅಮೆರಿಕದ ಆಟ ಒಂದು ಸಲವೂ ನಿಲ್ಲದೆ, ನೀರು ಹರಿದಂತೆ ಓಡುತ್ತಿತ್ತು. ಮಾವ ಅದನ್ನು ಹಚ್ಚಿಟ್ಟು ಹೊರಗೆ ಹೋಗಿದ್ದ.

"ಅತ್ತಿ, ನಿಮ್ಮಲ್ಲಿ ನೆಟ್ ಬರಂಗಿಲ್ಲಂತಲ್ಲ?"

"ಯಾರು ಹೇಳಿದ್ರು? ಮೊದಲಿಂದ ಐತಿ. ಈ ಟೀವಿ ಇದಕ್ಕಂತನ ತಂದದ್ದು," ಎಂದಳು ಅತ್ತೆ. "ನಾನೂ ಕೇಳೇನವಾ, ಇಲ್ಲೇ ನೋಡಬಾರದೇನ್ರಿ ಅಂತ. 'ಇಲ್ಲಿ ಕುಂತು ಊದಿದ್ರ ಯಾರಿಗೆ ಕೇಳಸ್ತೈತಿ' ಅಂತಾರ."

ನಾನು ಮನೆಗೆ ಬಂದು ಇದ್ದದ್ದನ್ನು ಇದ್ದ ಹಾಗೆ ಅವ್ವನಿಗೆ ಹೇಳಿದೆ. ಸಂಜೆ ಅವಳು ತಾನೇ ಫೋನು ಮಾಡಿ, "ಅಣ್ಣಾ, ನಾಳಿ ಬಾ. ಉಪ್ಪಿಟ್ಟು ಮಾಡ್ತೀನಿ," ಎಂದಳು.

ಮರುದಿನ ಮಾವ ಬಂದ. ಬಿಳಿ ಅಂಗಿ, ಬಿಳಿ ಬೂಟು, ಸೀಟಿ, ಎಲ್ಲ ಇತ್ತು. ಊದುವ ಉತ್ಸಾಹ ಮಾತ್ರ ಇರಲಿಲ್ಲ. ಆಟ ನಡೆಯಿತು, ಅವನು ಸುಮ್ಮನೆ ಕುಳಿತಿದ್ದ. ಉಪ್ಪಿಟ್ಟು ಆರಿತು. ಒಮ್ಮೆಲೇ ಎದ್ದು ನಿಂತ. ಟೀವಿಗೆ ಬೆನ್ನು ಮಾಡಿ, ಅಡುಗೆಮನೆಯ ಬಾಗಿಲಿಗೆ ಮುಖ ಮಾಡಿದ. ಎರಡು ಬೆರಳು ಮೇಲೆತ್ತಿ ಕೆಳಗಿಳಿಸಿದ. ಬುಟ್ಟಿ ಸರಿ, ಎರಡು ಅಂಕ ಎಂದು ಅದರ ಅರ್ಥ.

"ತಂಗೀ, ಅವತ್ತಿನ ಬುಟ್ಟಿ ಖರೆ. ನಂದು ತಪ್ಪಾತು. ನೀವು ಗೆದ್ದಿದ್ರಿ."

ಮಗ್ಗ ನಿಂತಿತು. ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಇಲ್ಲಣ್ಣಾ. ನಾ ಮೂರು ಹೆಜ್ಜಿ ಇಟ್ಟಿದ್ದೆ. ನನ್ನ ಕಾಲು ನನಗ ಗೊತ್ತಿರಂಗಿಲ್ಲೇನು? ನೀ ಊದಿದ್ದು ಬರೋಬ್ಬರಿ ಇತ್ತು."

ಮಾವ ಹೊರಳಿ ನೆಲ ನೋಡಿದ. ಮೂವತ್ತೈದು ವರ್ಷ ಹೊತ್ತ ಗಂಟು ಇಳಿದಾಗ ಮನುಷ್ಯ ಹಗುರಾಗಬೇಕಲ್ಲ? ಅವನು ಮತ್ತಷ್ಟು ಕುಗ್ಗಿದ. "ಮತ್ತ... ಇಷ್ಟು ವರ್ಷ ಸಿಟ್ಟು ಯಾಕ ಇಟ್ಟಿ?"

"ಆ ಸೀಟಿಗಲ್ಲ," ಎಂದಳು ಅವ್ವ. ದನಿ ಎತ್ತರಿಸಲಿಲ್ಲ. "ಅಪ್ಪ ನನ್ನ ಬೂಟು ಅಟ್ಟಕ್ಕ ಒಗದ್ರಲ್ಲ, ಅವತ್ತು ನೀ ಬಾಗಲದಾಗ ನಿಂತಿದ್ದಿ. ಹುಡುಗಿ ಆಡ್ಲಿ ಬಿಡ್ರಿ ಅಂತ ಒಂದು ಮಾತು ಆಡ್ಲಿಲ್ಲ. ಅದು ಫೌಲು ಅಣ್ಣಾ. ಅವತ್ತು ನೀ ಊದಬೇಕಾಗಿತ್ತು. ಸೀಟಿ ನಿನ್ನ ಕೊಳ್ಳಾಗ ಇತ್ತು." ಆಮೇಲೆ ಮಗ್ಗದ ಕಡೆ ತಿರುಗಿ, "ನಿಮ್ಮನ್ನ ಮದವಿ ಆಗಿದ್ದಕ್ಕ ಅಲ್ರೀ ನಾ ಅನ್ನೂದು. ಮುಖ ಸಣ್ಣ ಮಾಡಬ್ಯಾಡ್ರಿ," ಎಂದಳು.

ಅಪ್ಪ ಮಗ್ಗದಿಂದ ಎದ್ದು ಬಂದು ಚಾಪೆಯ ಮೇಲೆ ಜಾಗ ಮಾಡಿದ. ಮಾವ ಕೊರಳಿನಿಂದ ಕರಿ ದಾರದ ಸೀಟಿ ತೆಗೆದು ತಂಗಿಯ ಮುಂದೆ ಹಿಡಿದ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇದನ್ನ ತಗೊಂಡು ನಾ ಏನು ಮಾಡ್ಲಿ?" ಎಂದಳು. ಅಂದರೂ ತೆಗೆದುಕೊಂಡಳು. ಬಂದು ಟೀವಿಯ ಮುಂದೆ, ಅಣ್ಣನ ಪಕ್ಕದಲ್ಲಿ ಕುಳಿತಳು. ನಾನು ಹುಟ್ಟಿದಾಗಿನಿಂದ ಅವಳು ಆ ಆಟವನ್ನು ಕಣ್ಣೆತ್ತಿ ನೋಡಿದ್ದು ಅದೇ ಮೊದಲು. ನನ್ನ ಬಸ್ಸು ಹೋಯಿತು, ಹೋಗಲಿ!

ಟೀವಿಯಲ್ಲಿ ಒಬ್ಬ ಉದ್ದನೆಯವನು ಚೆಂಡು ಹಿಡಿದು ನುಗ್ಗಿದ. ಒಂದು, ಎರಡು. ರೂಢಿಯ ಮೇಲೆ ಮಾವನ ಕೈ ಕೊರಳಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಮೂರು. ಮನೆ ನಡುಗುವ ಹಾಗೆ ಸೀಟಿ ಕೇಳಿತು.

ಹೊರಗೆ ಓಣಿಯಲ್ಲಿ ಬಾಗಿಲುಗಳು ತೆರೆದವು, ಬಕೀಟುಗಳು ಸಪ್ಪಳ ಮಾಡಿದವು. ಒಳಗೆ ಮಾವ, ಕಣ್ಣಿನಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಎರಡೂ ಮುಷ್ಟಿಗಳನ್ನು ಒಂದರ ಸುತ್ತ ಒಂದು ತಿರುಗಿಸುತ್ತಿದ್ದ. "ಬರೋಬ್ಬರಿ ಊದಿದಿ, ತಂಗಿ," ಎಂದ. "ಬರೋಬ್ಬರಿ ಊದಿದಿ."